ನೀರಿಗಂಜುವ ಕುದುರೆ

ದೇವಾಸುರರು ಕ್ಷೀರಸಮುದ್ರವನ್ನು ಕಡೆದಾಗ ಉಚ್ಚೈಃಶ್ರವಸ್ಸೆಂಬ ಬಿಳಿಯ ಕುದುರೆಯು ಅಲೆಗಳ ನಡುವಿನಿಂದ ಎದ್ದುಬಂದಿತೆಂದು ನಮ್ಮ ಪುರಾಣಗಳು ಹೇಳುತ್ತವೆ. ನೀರಿನಲ್ಲಿಯೇ ಹುಟ್ಟಿದ ಕುಲದ ಪ್ರಾಣಿಯೊಂದು ಒಂದು ತಂಬಿಗೆ ನೀರಿಗೆ ಹೆದರಿ ಹಗ್ಗವನ್ನು ಹರಿದುಕೊಂಡು ಓಡುವುದನ್ನು ಕಂಡರೆ ಯಾರಿಗಾದರೂ ನಗೆ ಬಂದೀತು. ನಮಗೂ ಮೊದಲು ನಗೆಯೇ ಬಂದಿತು. ಆದರೆ ಆ ಕುದುರೆಯ ಒಡೆಯನ ಮುಖವನ್ನು ನೋಡಿದ ಮೇಲೆ ನಗು ನಿಂತುಹೋಯಿತು. ಅವನ ಮನೆಯ ಒಲೆಯು ಉರಿಯುತ್ತಿದ್ದುದು ಆ ಒಂದು ಪ್ರಾಣಿಯ ನಾಲ್ಕು ಕಾಲುಗಳ ಬಲದಿಂದ. ಆ ಪ್ರಸಂಗವನ್ನೂ ಅದರಿಂದ ನಾವು ಈ ವಯಸ್ಸಿನಲ್ಲಿ ಕಲಿತುದನ್ನೂ ವಾಚಕರ ಮುಂದಿಡಬೇಕೆಂದು ಮನಸ್ಸಾಗಿದೆ. ಕುದುರೆಯನ್ನು ಸಾಕುವ ಗೃಹಸ್ಥರು ಇಂದು ವಿರಳರೆಂಬುದನ್ನು ಬಲ್ಲೆವು. ಆದರೂ ಅಂಜುವ ಜೀವವೊಂದು ಇಲ್ಲದ ಮನೆಯುಂಟೆ?

ನಾವು ಇರುವುದು ಮೈಸೂರಿನ ಹಳೆಯ ಬಡಾವಣೆಗಳಲ್ಲೊಂದರಲ್ಲಿ. ನಮ್ಮ ಬಾಲ್ಯದಲ್ಲಿ ರೈಲಿನಿಂದಿಳಿದು ಮನೆಗೆ ಬರುವವರು ಜಟಕಾ ಗಾಡಿಯನ್ನು ಹತ್ತುತ್ತಿದ್ದರು. ಆ ಕಾಲವು ಹೋಯಿತು. ಉಳಿದಿರುವ ಕೆಲವೇ ಗಾಡಿಗಳು ಅರಮನೆಯ ಆಸುಪಾಸಿನಲ್ಲಿ ಪ್ರವಾಸಿಗಳನ್ನು ಕುಳ್ಳಿರಿಸಿಕೊಂಡು ಸುತ್ತುತ್ತವೆ. ನಮ್ಮ ಬೀದಿಯ ಕೊನೆಯಲ್ಲಿರುವ ಒಬ್ಬಾತನು ತಂದೆಯ ಕಾಲದಿಂದಲೂ ಈ ವೃತ್ತಿಯವನು. ಎರಡು ವರ್ಷಗಳ ಕೆಳಗೆ ಅವನು ಕಂದುಬಣ್ಣದ ಹೆಣ್ಣು ಕುದುರೆಯೊಂದನ್ನು ಕೊಂಡುತಂದನು. ಗಾಡಿಗೆ ಕಟ್ಟಿದರೆ ಅದು ಬಲು ಸಾಧು. ಬಸ್ಸಿಗೆ ಬೆದರದು, ಮದುವೆಯ ವಾದ್ಯಕ್ಕೆ ಬೆದರದು. ಆದರೆ ಮೈಗೆ ನೀರು ಸೋಕಿತೋ, ಆ ಕ್ಷಣವೇ ಮುಂಗಾಲುಗಳನ್ನೆತ್ತಿ ನಿಲ್ಲುವುದು. ಹಿಂದಿನ ಮನೆಯಲ್ಲಿ ಅದಕ್ಕೆ ಏನಾಗಿತ್ತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಒಡೆಯನು ಸ್ನಾನವನ್ನೇ ಬಿಟ್ಟು, ಒಣ ಬ್ರಷ್ಷಿನಿಂದ ಮೈಯುಜ್ಜಿ ಹೇಗೋ ಕಾಲ ತಳ್ಳುತ್ತಿದ್ದನು.

ಕಳೆದ ಬೇಸಗೆಯಲ್ಲಿ ಇದು ಸಾಲದೆ ಹೋಯಿತು. ಕುದುರೆಯ ಬೆವರಿನಲ್ಲಿ ಉಪ್ಪು ಮಾತ್ರವಲ್ಲದೆ, ಸಾಬೂನಿನಂತೆ ನೊರೆಗಟ್ಟುವ ಲ್ಯಾಥರಿನ್ ಎಂಬ ಪ್ರೋಟೀನೂ ಇರುತ್ತದೆ. ಬೆವರು ದಟ್ಟವಾದ ರೋಮಗಳ ನಡುವೆ ಹರಡಿ, ಬೇಗನೆ ಆರಿ, ಮೈಯನ್ನು ತಂಪುಗೊಳಿಸುವುದಕ್ಕಾಗಿ ಪ್ರಕೃತಿಯು ಮಾಡಿರುವ ಏರ್ಪಾಡಿದು. ಓಡಿಬಂದ ಕುದುರೆಯ ಕತ್ತಿನ ಮೇಲೆ ಬಿಳಿಯ ನೊರೆಯು ಕಾಣುವುದು ಇದರಿಂದಲೇ. ಆದರೆ ಈ ಬೆವರು ಧೂಳಿನೊಡನೆ ಬೆರೆತು ತೊಗಲಿನ ಪಟ್ಟಿಯ ಅಡಿಯಲ್ಲಿ ಒಣಗಿದರೆ, ಮರಳುಕಾಗದದಂತೆ ಚರ್ಮವನ್ನು ಉಜ್ಜತೊಡಗುವುದು. ನಮ್ಮ ನೆರೆಯವನ ಕುದುರೆಗೆ ಎದೆಯ ಕೆಳಗೆ, ಹೊಟ್ಟೆಪಟ್ಟಿ ಬರುವೆಡೆಯಲ್ಲಿ, ಅಂಗೈಯಗಲದ ಹುಣ್ಣಾಯಿತು. ಪಶುವೈದ್ಯರು ಬಂದು ನೋಡಿ, ಮುಲಾಮನ್ನು ಕೊಟ್ಟು, “ದಿನವೂ ಬೆವರನ್ನು ನೀರಿನಿಂದ ತೊಳೆಯದೆ ಇದು ಮಾಯದು; ಮಾಯುವ ತನಕ ಗಾಡಿಗೆ ಕಟ್ಟಕೂಡದು” ಎಂದು ಹೇಳಿಹೋದರು.

ತೊಳೆಯುವುದಾದರೂ ಹೇಗೆ? ಒಡೆಯನು ಕುದುರೆಯನ್ನು ಬೇವಿನ ಮರಕ್ಕೆ ಗಿಡ್ಡ ಹಗ್ಗದಿಂದ ಬಿಗಿದು ಕಟ್ಟಿ, ಮಗನ ಕೈಗೆ ರಬ್ಬರ್ ಕೊಳವೆಯನ್ನು ಕೊಟ್ಟು, ನಲ್ಲಿಯನ್ನು ಪೂರ್ತಿಯಾಗಿ ತಿರುಗಿಸಿದನು. ಒಂದು ಸಲ ಚೆನ್ನಾಗಿ ನೆನೆದರೆ ಹೆದರಿಕೆಯು ತಾನಾಗಿ ಬಿಡುವುದೆಂಬುದು ಅವನ ಎಣಿಕೆ. ಆದುದು ಬೇರೆ. ಕುದುರೆಯು ಹಿಂದಕ್ಕೆ ಜಗ್ಗಿತು; ನೆಲದ ಸಿಮೆಂಟು ಒದ್ದೆಯಾಗಿದ್ದುದರಿಂದ ಗೊರಸು ಜಾರಿತು; ಬಿದ್ದೆದ್ದು ಹಗ್ಗವನ್ನು ಕಿತ್ತುಕೊಂಡು ಬೀದಿಗೆ ಓಡಿತು. ನಡುವೆ ಸಿಕ್ಕಿದ ಹುಡುಗನ ಪಾದದ ಮೇಲೆ ಅದರ ಕಾಲು ಬಿದ್ದು, ಪಾಪ, ಅವನು ಒಂದು ವಾರ ನೆಲಕ್ಕೆ ಕಾಲೂರಲಾರದೆ ಹೋದನು. ಮರುದಿನ ದಲ್ಲಾಳಿಯೊಬ್ಬನು ಬಂದು, ಕೊಂಡ ಬೆಲೆಯ ಅರ್ಧಕ್ಕಿಂತಲೂ ಕಡಿಮೆಗೆ ಕೇಳಿದನು. ಅಂತಹ ಬೆಲೆಗೆ ಕೊಳ್ಳುವವರು ಅದನ್ನು ಎಲ್ಲಿಗೆ ಸಾಗಿಸುವರೆಂಬುದು ಒಡೆಯನಿಗೆ ತಿಳಿಯದ ಸಂಗತಿಯೇನಲ್ಲ.

ಅಂದು ಸಂಜೆ ಅವನು ನಮ್ಮ ಜಗುಲಿಯ ಮೇಲೆ ಬಂದು ಕುಳಿತನು. “ಸ್ವಾಮಿ, ತಾವು ಸಂಸ್ಕೃತ ಓದಿದವರು. ಕುದುರೆಯ ಭಯ ಬಿಡಿಸುವುದಕ್ಕೆ ಹಳೆಯ ಪುಸ್ತಕದಲ್ಲಿ ಏನಾದರೂ ಮಂತ್ರವುಂಟೆ?” ಎಂದು ಕೇಳಿದನು. ನಾವು ನಿರುತ್ತರರಾದೆವು. ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಕುದುರೆಗಳ ವಿಷಯವುಂಟು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ನೆನಪಿಗೆ ಬಂದುದು ಮಹಾಭಾರತದ ನಳೋಪಾಖ್ಯಾನ. ಅಲ್ಲಿ ಋತುಪರ್ಣನು ನಳನಿಗೆ ಅಕ್ಷಹೃದಯವೆಂಬ ಪಗಡೆಯ ವಿದ್ಯೆಯನ್ನು ಕೊಟ್ಟು, ಅವನಿಂದ ಅಶ್ವಹೃದಯವನ್ನು ಪಡೆಯುವ ಮಾತಾಗುತ್ತದೆ. ಮೂವತ್ತು ವರ್ಷಗಳ ಕಾಲ ಈ ಕಥೆಯನ್ನು ಮಕ್ಕಳಿಗೆ ಪಾಠ ಹೇಳಿದ್ದೆವು. ಸಮಾಸವನ್ನು ಬಿಡಿಸಿ, ಅಶ್ವದ ಹೃದಯವೆಂದು ಷಷ್ಠೀತತ್ಪುರುಷವನ್ನು ಹೇಳಿ ಮುಂದಕ್ಕೆ ಹೋಗಿದ್ದೆವು. ಆ ಹೃದಯದಲ್ಲಿ ಏನಿರುತ್ತದೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಮಂತ್ರವು ನಮ್ಮಲ್ಲಿರಲಿಲ್ಲವಾದರೂ ಬಲ್ಲವರೊಬ್ಬರ ಪರಿಚಯವಿದ್ದಿತು. ಮೈಸೂರಿನಲ್ಲಿ ಪೊಲೀಸಿನವರ ಅಶ್ವಾರೋಹಿ ದಳವಿರುವುದು ವಾಚಕರಿಗೆ ತಿಳಿದಿರಬಹುದು. ಅದರಲ್ಲಿ ಬಹುಕಾಲ ಸೇವೆ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬೆಳಗಿನ ತಿರುಗಾಟದ ಜೊತೆಗಾರರು. ದಸರೆಗೆ ಮುಂಚೆ ಆನೆಗಳನ್ನೂ ಕುದುರೆಗಳನ್ನೂ ಕರೆತಂದು ನಿಲ್ಲಿಸಿ, ತೋಪುಗಳನ್ನು ಹಾರಿಸಿ, ಆ ಸದ್ದಿಗೆ ಒಗ್ಗಿಸುವ ತಾಲೀಮನ್ನು ಈ ಊರಿನವರು ವರ್ಷವರ್ಷವೂ ನೋಡುತ್ತಾರೆ. ಒಂದೇ ದಿನದಲ್ಲಿ ಅದು ಮುಗಿಯುವುದಿಲ್ಲ. ಬೇರೆ ಬೇರೆ ದಿನಗಳಲ್ಲಿ ಮರಳಿ ಮರಳಿ ನಡೆಯುತ್ತದೆ. ಅಂತಹ ತಾಲೀಮುಗಳಲ್ಲಿ ಪಳಗಿದ ಈ ಹಿರಿಯರು ನಡೆದುದನ್ನೆಲ್ಲ ಕೇಳಿ, ಗದರಿಸದೆ, ಒಂದೇ ಪ್ರಶ್ನೆಯನ್ನು ಹಾಕಿದರು: “ನೀರು ಬಿಟ್ಟಾಗ ಅದು ಎರಡು ಹೆಜ್ಜೆ ಹಿಂದಕ್ಕೆ ಹೋಗುವುದಕ್ಕೆ ಜಾಗವಿತ್ತೆ?” ಇರಲಿಲ್ಲವೆಂದು ಒಡೆಯನು ಒಪ್ಪಿಕೊಂಡನು. “ಹಾಗಾದರೆ ಅದು ನೀರಿಗೆ ಹೆದರಲಿಲ್ಲ, ತಪ್ಪಿಸಿಕೊಳ್ಳಲಾರೆನೆಂದು ಹೆದರಿತು,” ಎಂದರು.

ಈ ಮಾತಿನ ಅರ್ಥವು ನಮಗೆ ಕ್ರಮೇಣ ತಿಳಿಯಿತು. ಸಂಸ್ಕೃತದಲ್ಲಿ ಕುದುರೆಗೆ ತುರಗವೆಂದು ಹೆಸರು, ತ್ವರೆಯಿಂದ ಹೋಗುವುದೆಂದರ್ಥ. ಗೂಳಿಗೆ ಕೊಂಬುಂಟು, ಹುಲಿಗೆ ಪಂಜುಂಟು. ಕುದುರೆಗೆ ಓಟವೇ ಆಯುಧ. ಬಯಲಿನಲ್ಲಿ ಹುಲ್ಲು ಮೇಯುತ್ತ, ಹಿಂಸ್ರಮೃಗಗಳಿಗೆ ಆಹಾರವಾಗುತ್ತ ಬಂದ ಕುಲವಾದುದರಿಂದ, ಮೊದಲು ಓಡಿ ಆಮೇಲೆ ಯೋಚಿಸಿದ ಕುದುರೆಗಳೇ ಬದುಕಿ ಉಳಿದುವು. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನ ೩೬೦ ಅಂಶಗಳಲ್ಲಿ ಸುಮಾರು ೩೫೦ ಅಂಶಗಳಷ್ಟು ಅದಕ್ಕೆ ಕಾಣುತ್ತದೆ. ಆದರೆ ಹಣೆಯ ನೇರ ಮುಂದಕ್ಕೂ ಬಾಲದ ನೇರ ಹಿಂದಕ್ಕೂ ಕಾಣದ ಎಡೆಗಳುಂಟು. ಕಿವಿಯು ಮನುಷ್ಯನಿಗೆ ಕೇಳಿಸದ ಕೀರಲು ಸದ್ದುಗಳನ್ನೂ ಹಿಡಿಯುತ್ತದೆ. ಚರ್ಮವಂತೂ ಒಂದು ನೊಣವು ಕುಳಿತರೆ ಆ ಜಾಗವನ್ನಷ್ಟೇ ಅದುರಿಸಿ ಓಡಿಸಬಲ್ಲಷ್ಟು ಸೂಕ್ಷ್ಮ. ಇಂತಹ ಪ್ರಾಣಿಯ ದೃಷ್ಟಿಯಿಂದ ನಮ್ಮ ಸ್ನಾನವನ್ನು ನೋಡಿರಿ: ಹಾವಿನಂತಹ ಕೊಳವೆಯೊಂದು ನೆಲದ ಮೇಲೆ ಹೊರಳುತ್ತದೆ, ಬುಸುಗುಟ್ಟುತ್ತದೆ, ಇದ್ದಕ್ಕಿದ್ದಂತೆ ನೂರು ಕಡೆ ಮೈಯನ್ನು ಚುಚ್ಚುತ್ತದೆ, ಓಡೋಣವೆಂದರೆ ತಲೆಯು ಮರಕ್ಕೆ ಬಿಗಿದಿದೆ.

ಇನ್ನೊಂದು ಸಂಗತಿಯುಂಟು. ಕುದುರೆಯು ನೀರನ್ನು ಮಾತ್ರವಲ್ಲ, ನೀರನ್ನು ಹಿಡಿದ ಮನುಷ್ಯನನ್ನೂ ನೋಡುತ್ತದೆ. ೧೯೦೪ರ ಸುಮಾರಿಗೆ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆಯು ಲೆಕ್ಕಗಳನ್ನು ಮಾಡಿ, ಉತ್ತರವನ್ನು ಗೊರಸಿನಿಂದ ತಟ್ಟಿ ಹೇಳುತ್ತದೆಂದು ಪ್ರಸಿದ್ಧವಾಯಿತು. ಅದರ ಒಡೆಯನಾದ ವಿಲ್ಹೆಲ್ಮ್ ಫಾನ್ ಓಸ್ಟೆನ್ ನಮ್ಮಂತೆಯೇ ಪಾಠ ಹೇಳಿದವನು, ಗಣಿತದ ಉಪಾಧ್ಯಾಯ. ಆಸ್ಕರ್ ಫುಂಗ್‌ಸ್ಟ್ ಎಂಬ ವಿದ್ವಾಂಸನು ಪರೀಕ್ಷಿಸಿ ೧೯೦೭ರಲ್ಲಿ ಪ್ರಕಟಿಸಿದ ಸಂಗತಿಯೇನೆಂದರೆ, ಹಾನ್ಸನು ಲೆಕ್ಕವನ್ನೇನೂ ಮಾಡುತ್ತಿರಲಿಲ್ಲ. ಸರಿಯಾದ ಸಂಖ್ಯೆಯು ಬಂದಾಗ ಪ್ರಶ್ನೆ ಕೇಳಿದವನ ತಲೆಯಲ್ಲಿಯೂ ಮೈಯಲ್ಲಿಯೂ ಅವನಿಗೇ ತಿಳಿಯದಂತೆ ಆಗುವ ಅತ್ಯಲ್ಪ ಚಲನೆಯನ್ನು ಕಂಡು ತಟ್ಟುವುದನ್ನು ನಿಲ್ಲಿಸುತ್ತಿತ್ತು. ೨೦೦೯ರಲ್ಲಿ ಸ್ವೀಡನ್ ದೇಶದ ಸಂಶೋಧಕರು ಬೇರೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಕುದುರೆಯನ್ನು ನಡೆಸುವವರಿಗೆ, ಈ ಸಲ ಹತ್ತಿರ ಹೋದಾಗ ಕೊಡೆಯೊಂದನ್ನು ಬಿಚ್ಚುವೆವೆಂದು ಹೇಳಲಾಯಿತು. ಕೊಡೆಯನ್ನು ಯಾರೂ ಬಿಚ್ಚಲಿಲ್ಲ. ಆದರೂ ಬಿಚ್ಚಿಯಾರೆಂಬ ಆತಂಕದಿಂದ ಮನುಷ್ಯರ ಎದೆಬಡಿತವು ಏರಿತು. ಏನನ್ನೂ ಅರಿಯದ ಕುದುರೆಗಳ ಎದೆಬಡಿತವೂ ಅದರೊಡನೆ ಏರಿತು. ಅಂಜುವ ಕುದುರೆಯ ಪಕ್ಕದಲ್ಲಿ ಅಂಜುತ್ತ ನಿಂತವನು ಅದಕ್ಕೆ ಧೈರ್ಯವನ್ನು ಹೇಳಲಾರನು.

ನಮ್ಮ ಹಿರಿಯರು ಇಪ್ಪತ್ತೊಂದು ದಿನಗಳ ಅವಧಿಯನ್ನು ಕೇಳಿದರು. ದಿನಕ್ಕೆ ಹತ್ತು ನಿಮಿಷಗಳ ಎರಡು ಪಾಠಗಳು; ಅದಕ್ಕೆ ಹೆಚ್ಚಿಲ್ಲ. ಆ ತನಕ ಹುಣ್ಣನ್ನು, ಕುದುರೆಯು ಒಪ್ಪಿದಷ್ಟು, ಹಿಂಡಿದ ಬಟ್ಟೆಯಿಂದ ಒತ್ತಿ ಮುಲಾಮನ್ನು ಹಚ್ಚುವುದೆಂದಾಯಿತು. ಮೊದಲ ಎರಡು ದಿನ ನೀರಿನ ಮಾತೇ ಇಲ್ಲ. ಸಿಮೆಂಟಿನ ಅಂಗಳವನ್ನು ಬಿಟ್ಟು ಗೊರಸು ಜಾರದ ಗರಸು ನೆಲದ ಮೇಲೆ ಕುದುರೆಯನ್ನು ನಿಲ್ಲಿಸಿದರು. ಕಟ್ಟಲಿಲ್ಲ; ಉದ್ದನೆಯ ಹಗ್ಗವನ್ನು ಒಡೆಯನು ಸಡಿಲವಾಗಿ ಹಿಡಿದು, ಭುಜದ ಪಕ್ಕದಲ್ಲಿ ನಿಂತನು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಕೂಡದೆಂಬುದು ಹಿರಿಯರ ಮೊದಲ ಕಟ್ಟಳೆ. ಕುದುರೆಯು ಜಗ್ಗಿದರೆ ಬೆರಳುಗಳು ಉಳಿಯವು. ರಬ್ಬರ್ ಕೊಳವೆಯು ದೂರದಲ್ಲಿ ಸುಮ್ಮನೆ ಬಿದ್ದಿತ್ತು. ಕುದುರೆಯು ಅದನ್ನು ನೋಡಿತು, ಮೂಸಿತು, ಕೊನೆಗೆ ಮರೆತು ಹುಲ್ಲನ್ನು ತಿಂದಿತು.

ಮೂರನೆಯ ದಿನ ಒಣ ಸ್ಪಂಜು. ಅದನ್ನು ಮೊದಲು ಬೆನ್ನಿನ ಮುಂಭಾಗದಲ್ಲಿ, ಕತ್ತಿನ ಕೂದಲು ಮುಗಿಯುವ ಉಬ್ಬಿನ ಮೇಲೆ, ನಿಧಾನವಾಗಿ ಉಜ್ಜಿದರು. ಕುದುರೆಗಳು ಒಂದನ್ನೊಂದು ಪ್ರೀತಿಯಿಂದ ಹಲ್ಲಿನಿಂದ ಕೆರೆದುಕೊಳ್ಳುವುದು ಆ ಭಾಗದಲ್ಲಿಯೇ. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತವು ತಗ್ಗುತ್ತದೆಂದು ಫ್ರಾನ್ಸಿನ ಸಂಶೋಧಕರು ೧೯೯೩ರಲ್ಲಿ ತೋರಿಸಿದ್ದಾರೆ. ಐದನೆಯ ದಿನ ಅದೇ ಸ್ಪಂಜನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಅದೇ ಜಾಗದಿಂದ ಆರಂಭಿಸಿ ಭುಜದವರೆಗೆ ತಂದರು. ಏಳನೆಯ ದಿನ ಹುಡುಗನು ಮೂವತ್ತಡಿ ದೂರದಲ್ಲಿ ಕುಳಿತು ಒಂದು ತಂಬಿಗೆಯಿಂದ ಇನ್ನೊಂದಕ್ಕೆ ನೀರನ್ನು ಸುರಿದನು. ಕುದುರೆಯು ತಲೆಯೆತ್ತಿ ಕಿವಿಗಳನ್ನು ನಿಗುರಿಸಿತು. ಹಿರಿಯರು ಸುಮ್ಮನಿದ್ದರು. ಸ್ವಲ್ಪ ಹೊತ್ತಿನಲ್ಲಿ ಕಿವಿಗಳು ಸಡಿಲಗೊಂಡು ತಲೆಯು ತುಸು ತಗ್ಗಿತು. ಆ ಕ್ಷಣವೇ “ನಿಲ್ಲಿಸು” ಎಂದರು.

“ಇದೇನು, ಈಗ ತಾನೇ ಒಗ್ಗುತ್ತಿದೆ, ಈಗಲೇ ನಿಲ್ಲಿಸುವುದೆ?” ಎಂದು ನಾವು ಕೇಳಿದೆವು. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಇಲ್ಲಿ ಬರೆದಿಡುತ್ತೇವೆ: “ಮೇಷ್ಟ್ರೇ, ನೀರು ಸುರಿಯುವುದರಲ್ಲಿ ಪಾಠವಿಲ್ಲ, ನೀರು ನಿಲ್ಲುವುದರಲ್ಲಿದೆ. ಅದು ಕುಣಿದಾಗ ನಾವು ನಿಲ್ಲಿಸಿದರೆ, ಕುಣಿದರೆ ನೀರು ಹೋಗುತ್ತದೆಂದು ಕಲಿಯುತ್ತದೆ. ಸಮಾಧಾನವಾದಾಗ ನಿಲ್ಲಿಸಿದರೆ, ಸಮಾಧಾನದಿಂದಿದ್ದರೆ ಹೋಗುತ್ತದೆಂದು ಕಲಿಯುತ್ತದೆ.” ಹಾಗಾದರೆ ಕುಣಿದಾಗ ಏನು ಮಾಡಬೇಕು? ಕುಣಿಯುವಷ್ಟು ಹತ್ತಿರಕ್ಕೆ ಹೋದುದೇ ನಮ್ಮ ತಪ್ಪು. ಹೊಡೆಯದೆ, ಕೂಗದೆ, ಅದು ತಾಳಿಕೊಳ್ಳಬಲ್ಲಷ್ಟು ದೂರಕ್ಕೆ ಹಿಂದೆ ಸರಿದು, ಅಲ್ಲಿ ಅದು ಸಮಾಧಾನಗೊಳ್ಳುವ ತನಕ ಕಾದು, ಆಗ ನಿಲ್ಲಿಸಬೇಕು. ಗ್ರೀಕರ ಕ್ಸೆನೊಫೋನನು ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಶ್ವಾರೋಹಣದ ಮೇಲೆ ಬರೆದ ಗ್ರಂಥದಲ್ಲಿ, ಕುದುರೆಯೊಡನೆ ಎಂದಿಗೂ ಕೋಪದಿಂದ ವ್ಯವಹರಿಸಕೂಡದೆಂದು ಹೇಳಿರುವುದು ಇದೇ ಅನುಭವದಿಂದ.

ಈ ಸಂದರ್ಭದಲ್ಲಿ ಹಿರಿಯರು ನಮಗೆ ಕಲಿಸಿದ ಮತ್ತೊಂದು ಭೇದವು ಮನಸ್ಸಿನಲ್ಲಿ ನಾಟಿ ನಿಂತಿದೆ. ಕುದುರೆಯು ನಿಂತಿದೆಯೆಂದ ಮಾತ್ರಕ್ಕೆ ಅದು ಶಾಂತವಾಗಿದೆಯೆಂದಲ್ಲ. ಮೂಗಿನ ಹೊಳ್ಳೆಗಳು ಅಗಲವಾಗಿ, ಕಣ್ಣಿನ ಬಿಳಿ ಕಾಣುತ್ತ, ಬಾಲವು ಒತ್ತಿಕೊಂಡು, ಉಸಿರನ್ನು ಬಿಗಿಹಿಡಿದು ಕಲ್ಲಿನಂತೆ ನಿಂತ ಕುದುರೆಯು ಹೆದರಿಕೆಯ ಕೊನೆಯ ಮೆಟ್ಟಿಲಲ್ಲಿರುತ್ತದೆ. ಅದು ಯಾವ ಕ್ಷಣದಲ್ಲಾದರೂ ಸಿಡಿಯಬಹುದು. ಇಲ್ಲವೆ ತಪ್ಪಿಸಿಕೊಳ್ಳುವ ಆಸೆಯನ್ನೇ ಬಿಟ್ಟು ಮಂಕಾಗಿ ನಿಲ್ಲಬಹುದು. ಕತ್ತು ತಗ್ಗಿ, ತುಟಿ ಸಡಿಲಾಗಿ, ಉಸಿರು ನೀಳವಾಗಿ, ಒಂದು ಹಿಂಗಾಲನ್ನು ವಿಶ್ರಾಂತಿಗೆ ಬಿಟ್ಟು ನಿಂತರೆ ಮಾತ್ರ ಅದು ಶಾಂತಿ.

ಈ ಮಾತನ್ನು ಕೇಳಿ ನಾವು ಬಹಳ ಹೊತ್ತು ಮೌನವಾಗಿದ್ದೆವು. ನಮ್ಮ ತರಗತಿಯಲ್ಲಿ ಹಿಂದೆ ಒಬ್ಬ ಹುಡುಗನಿದ್ದನು. ಮನೆಯಲ್ಲಿ ಶಬ್ದರೂಪಗಳನ್ನು ಚೆನ್ನಾಗಿ ಕಲಿತು ಬರುತ್ತಿದ್ದನು. ಎಲ್ಲರೆದುರಿಗೆ ಎದ್ದುನಿಂತರೆ ನಾಲಗೆಯು ಏಳುತ್ತಿರಲಿಲ್ಲ. ನಿಲ್ಲಿಸಿ ನಿಲ್ಲಿಸಿ ಸಭಾಕಂಪವನ್ನು ಬಿಡಿಸುವೆವೆಂದು ನಾವು ಅವನನ್ನು ದಿನವೂ ನಿಲ್ಲಿಸಿದೆವು. ಮೊದಮೊದಲು ಅಳುತ್ತಿದ್ದನು. ಕೆಲವು ವಾರಗಳಲ್ಲಿ ಅಳುವುದನ್ನು ಬಿಟ್ಟು, ಗೋಡೆಯನ್ನು ನೋಡುತ್ತ ಗಂಟೆ ಬಾರಿಸುವ ತನಕ ಸುಮ್ಮನೆ ನಿಲ್ಲತೊಡಗಿದನು. ಸರಿಹೋದನೆಂದು ನಾವು ಸಹೋದ್ಯೋಗಿಗಳೊಡನೆ ಹೇಳಿಕೊಂಡೆವು. ಮರುವರ್ಷ ಅವನು ಸಂಸ್ಕೃತವನ್ನು ಬಿಟ್ಟು ಬೇರೆ ಭಾಷೆಯನ್ನು ತೆಗೆದುಕೊಂಡನು.

ಎಂಟನೆಯ ದಿನ ಹುಡುಗನು ಹತ್ತಿರ ಬಂದು, ಮುಂಗಾಲಿನ ಗೊರಸಿನ ಪಕ್ಕದ ನೆಲಕ್ಕೆ ನೀರನ್ನು ಸುರಿದನು. ಬಳಿಕ ಗೊರಸಿನ ಮೇಲೆಯೇ ಒಂದಿಷ್ಟು. ಕುದುರೆಯು ಕಾಲನ್ನೆತ್ತಿ ಮತ್ತೆ ಊರಿತು, ಓಡಲಿಲ್ಲ. ಒಂಬತ್ತನೆಯ ದಿನವೂ ಹಾಗೆಯೇ ಚೆನ್ನಾಗಿ ನಡೆಯಿತು. ಅಂದು ಹಿರಿಯರು ಬೇಗನೆ ಮನೆಗೆ ಹೋದರು. ಇಷ್ಟು ಸಾಧುವಾಗಿರುವಾಗ ವೃಥಾ ಏಕೆ ತಡೆಯಬೇಕೆಂದು ನಮಗೆ ತೋರಿತು. “ಬೆನ್ನಿನ ಮೇಲೆ ಒಂದು ಚೊಂಬು ಹಾಕಿ ನೋಡು, ಮಗು,” ಎಂದೆವು. ಹೇಳಬಾರದಾಗಿತ್ತು. ತಣ್ಣನೆಯ ನೀರು ಬೆನ್ನಿಗೆ ಬಿದ್ದೊಡನೆ ಕುದುರೆಯು ಪಕ್ಕಕ್ಕೆ ಹಾರಿ, ಹಗ್ಗವನ್ನು ಒಡೆಯನ ಕೈಯಿಂದ ಸೆಳೆದುಕೊಂಡು ಅಂಗಳದ ಮೂಲೆಯಲ್ಲಿ ನಡುಗುತ್ತ ನಿಂತಿತು. ಹುಡುಗನಿಗೆ ಈ ಸಲ ಏನೂ ಆಗಲಿಲ್ಲವೆಂಬುದು ದೈವಕೃಪೆ. ಮರುದಿನ ತಂಬಿಗೆಯನ್ನು ಕಂಡೊಡನೆಯೇ ಅದು ಮೂಗನ್ನು ಅರಳಿಸಿತು. ನಮ್ಮ ಒಂದು ಮಾತು ಐದು ದಿನಗಳ ಕೆಲಸವನ್ನು ತಿಂದುಹಾಕಿತು. ಹಿರಿಯರಿಗೆ ಸಂಗತಿಯನ್ನು ತಿಳಿಸಿದೆವು. ಅವರು ನಮ್ಮನ್ನು ಆಕ್ಷೇಪಿಸದೆ, “ಒಣ ಸ್ಪಂಜನ್ನು ತೆಗೆದುಕೊಂಡು ಬಾ,” ಎಂದು ಹುಡುಗನಿಗೆ ಹೇಳಿದರು. ಮೂರನೆಯ ದಿನದ ಪಾಠವು ಮತ್ತೆ ಮೊದಲಾಯಿತು.

ಎರಡನೆಯ ಸಲ ದಾರಿಯು ಬೇಗ ಸವೆಯಿತು. ಹದಿನೈದನೆಯ ದಿನದ ಹೊತ್ತಿಗೆ ಕೊಳವೆಯನ್ನು ತಂದರು. ನಲ್ಲಿಯನ್ನು ಸಣ್ಣಗೆ ತಿರುಗಿಸಿ, ನೀರು ಚಿಮ್ಮದೆ ಬುಗ್ಗೆಯಂತೆ ಮೆಲ್ಲಗೆ ಉಕ್ಕುವಂತೆ ಮಾಡಿದರು. ಮೊದಲು ನೆಲ, ಆಮೇಲೆ ಗೊರಸು, ಮೊಣಕಾಲು, ಭುಜ; ಹೀಗೆ ಕೆಳಗಿನಿಂದ ಮೇಲಕ್ಕೆ. ಎಡಪಕ್ಕದಲ್ಲಿ ಕಲಿಸಿದುದನ್ನೆಲ್ಲ ಬಲಪಕ್ಕದಲ್ಲಿಯೂ ಮೊದಲಿನಿಂದ ಕಲಿಸಬೇಕಾಯಿತು. ಒಂದು ಕಡೆಯ ಅಭ್ಯಾಸವು ಮತ್ತೊಂದು ಕಡೆಗೆ ತಾನಾಗಿ ಹೋಗುವುದೆಂದು ನಂಬಕೂಡದೆಂಬುದು ಕುದುರೆ ಪಳಗಿಸುವವರೆಲ್ಲರ ಅನುಭವ. ಹಿಂಗಾಲುಗಳನ್ನು ಕೊನೆಗೆ ಉಳಿಸಿಕೊಂಡರು. ಆಗಲೂ ಪಕ್ಕದಲ್ಲಿ ನಿಂತು, ಒಂದು ಕೈಯನ್ನು ಕುದುರೆಯ ಮೈಮೇಲೆ ಇಟ್ಟುಕೊಂಡೇ ನೀರು ಹಾಕಿದರು, ಬಾಲದ ಹಿಂದೆ ಎಂದೂ ನಿಲ್ಲಲಿಲ್ಲ. ಮುಖಕ್ಕೆ ಕೊಳವೆಯೇ ಇಲ್ಲ. ಕಿವಿಯೊಳಕ್ಕೂ ಕಣ್ಣಿಗೂ ನೀರು ಹೋಗದಂತೆ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು.

ಇಪ್ಪತ್ತಾರನೆಯ ದಿನದ ಸಂಜೆ, ಎಂದರೆ ಹಿರಿಯರು ಕೇಳಿದ ಅವಧಿಗಿಂತ ನಮ್ಮ ತಪ್ಪಿನ ಐದು ದಿನ ಹೆಚ್ಚಾಗಿ, ಆ ಕುದುರೆಯು ಗರಸು ನೆಲದ ಮೇಲೆ ನಿಂತಿತ್ತು. ಹಗ್ಗವು ಒಡೆಯನ ಅಂಗೈಯಲ್ಲಿ ಸಡಿಲವಾಗಿತ್ತು. ನೀರು ಅದರ ಬೆನ್ನಿನ ಮೇಲಿನಿಂದ ಎದೆಯ ಕೆಳಗಿನ ಹುಣ್ಣಿನವರೆಗೆ ಹರಿದು, ವಾರಗಟ್ಟಲೆ ಅಂಟಿದ್ದ ಉಪ್ಪನ್ನೂ ಧೂಳನ್ನೂ ಕಂದು ಬಣ್ಣವಾಗಿ ನೆಲಕ್ಕೆ ಇಳಿಸಿತು. ಕುದುರೆಯು ಒಂದು ಹಿಂಗಾಲನ್ನು ಸಡಿಲಬಿಟ್ಟು ದೀರ್ಘವಾಗಿ ನಿಟ್ಟುಸಿರಿಟ್ಟಿತು. ಯಾರೂ ಮಾತನಾಡಲಿಲ್ಲ. ಒಡೆಯನು ಮುಖವನ್ನು ಅತ್ತ ತಿರುಗಿಸಿಕೊಂಡು ಹೆಗಲ ಮೇಲಿನ ವಸ್ತ್ರದಿಂದ ಕಣ್ಣನ್ನೊರೆಸಿಕೊಂಡುದನ್ನು ನಾವು ಕಂಡೂ ಕಾಣದವರಂತೆ ಇದ್ದೆವು.

ಸ್ನಾನದ ವಿಷಯದಲ್ಲಿ ಕುದುರೆಯುಳ್ಳವರು ತಿಳಿದಿರತಕ್ಕ ಕೆಲವು ಮಾತುಗಳನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಸಾಬೂನನ್ನು ದಿನವೂ ಹಾಕಕೂಡದು. ರೋಮಕ್ಕೆ ಹೊಳಪನ್ನೂ ರಕ್ಷಣೆಯನ್ನೂ ಕೊಡುವ ಸ್ವಾಭಾವಿಕವಾದ ಜಿಡ್ಡು ಹೋಗುತ್ತದೆ. ಹಾಕಿದ ದಿನ ಒಂದಿಷ್ಟೂ ಉಳಿಯದಂತೆ ತೊಳೆಯಬೇಕು. ಸ್ನಾನವಾದ ಮೇಲೆ ಗೊರಸಿನ ಮೇಲಿನ ಸಂದುಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಅಲ್ಲಿ ಒದ್ದೆಯು ನಿಂತರೆ ಚರ್ಮವು ಬಿರಿದು ರೋಗವು ಹತ್ತುವುದುಂಟು. ಮೈ ಒಣಗುವ ಮೊದಲು ಪಟ್ಟಿಗಳನ್ನು ಬಿಗಿಯಬಾರದು. ಓಡಿ ಕಾದುಬಂದ ಕುದುರೆಯ ಮೇಲೆ ತಣ್ಣೀರನ್ನು ಹಾಕಿದರೆ ಸ್ನಾಯುಗಳು ಹಿಡಿದುಕೊಳ್ಳುವುವೆಂಬ ಹಳೆಯ ನಂಬಿಕೆಯೊಂದುಂಟು. ೧೯೯೬ರ ಅಟ್ಲಾಂಟಾ ಒಲಿಂಪಿಕ್ ಪಂದ್ಯಗಳು ಬಿಸಿಲಿನ ಊರಿನಲ್ಲಿ ನಡೆಯಬೇಕಾಗಿದ್ದುದರಿಂದ, ಅದಕ್ಕೆ ಮುಂಚೆ ಈ ವಿಷಯವನ್ನು ಚೆನ್ನಾಗಿ ಪರೀಕ್ಷಿಸಿದರು. ಬಿಸಿಲಿನಲ್ಲಿ ದಣಿದ ಕುದುರೆಗೆ ತಣ್ಣೀರನ್ನು ಮೈತುಂಬ ಮತ್ತೆ ಮತ್ತೆ ಸುರಿಯುವುದರಿಂದ ಕೇಡಿಲ್ಲವೆಂದೂ, ಅದೇ ಅದರ ಪ್ರಾಣವನ್ನು ಕಾಯುವ ಉಪಾಯವೆಂದೂ ಗೊತ್ತಾಯಿತು. ಶಾಂತವಾದ ದಿನಗಳಲ್ಲಿಯೇ ಕುದುರೆಗೆ ನೀರನ್ನು ಪರಿಚಯಿಸಿಟ್ಟಿರಬೇಕಾದುದು ಇದಕ್ಕಾಗಿಯೂ ಅವಶ್ಯಕ. ಬಿಸಿಲಿನ ಆಪತ್ತು ಬಂದಾಗ ಪಾಠ ಹೇಳುವುದಕ್ಕೆ ವ್ಯವಧಾನವಿರುವುದಿಲ್ಲ.

ಹುಣ್ಣು ಮಾಯುವುದಕ್ಕೆ ಮತ್ತೆ ಮೂರು ವಾರಗಳು ಹಿಡಿದುವು. ಆ ದಿನಗಳಲ್ಲಿ ಮನೆಯು ಸಾಲದ ಮೇಲೆ ನಡೆಯಿತು. ದಲ್ಲಾಳಿಯು ಇನ್ನೊಮ್ಮೆ ಬಂದು ಬರಿಗೈಯಲ್ಲಿ ಹಿಂದಿರುಗಿದನು. ಈಗ ಕುದುರೆಯು ಎಂದಿನಂತೆ ಅರಮನೆಯ ಸುತ್ತ ಓಡುತ್ತಿದೆ. ಆದರೆ ಅದರ ಅಂಜಿಕೆಯು ಸಂಪೂರ್ಣವಾಗಿ ನಾಶವಾಯಿತೆಂದು ಹೇಳಿದರೆ ಸುಳ್ಳಾದೀತು. ಹೊಸಬನೊಬ್ಬನು ಕೊಳವೆಯನ್ನು ಹಿಡಿದರೆ ಅದು ಇಂದಿಗೂ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಆಗ ಸರಿಯಲು ಬಿಡುತ್ತಾರೆ. ಸರಿದು, ನೋಡಿ, ತಾನಾಗಿಯೇ ಮುಂದಕ್ಕೆ ಬರುತ್ತದೆ.

ವಾಚಕರ ಮನೆಗಳಲ್ಲಿ ಕುದುರೆಯಿಲ್ಲದಿರಬಹುದು. ತಲೆಗೆ ನೀರೆರೆಯುವಾಗ ಕಿರಿಚುವ ಮಗುವಿದ್ದೀತು. ಮಳೆಯ ಗುಡುಗಿಗೆ ಮಂಚದ ಕೆಳಗೆ ಸೇರುವ ನಾಯಿಯಿದ್ದೀತು. ಆಸ್ಪತ್ರೆಯ ಹೆಸರನ್ನು ಕೇಳಿದರೆ ಬಾಯಿ ಒಣಗುವ ಮುದುಕರಿದ್ದಾರು. ಅವರೆಲ್ಲರನ್ನೂ ನಾವು ಸಾಮಾನ್ಯವಾಗಿ ಹಿಡಿದು ಕಟ್ಟಿ ತೊಳೆಯುತ್ತೇವೆ. ನಮಗೆ ಹೊತ್ತಿಲ್ಲವೆಂಬುದೇ ಅದಕ್ಕೆ ಕಾರಣವೆನ್ನುತ್ತೇವೆ. ಇಪ್ಪತ್ತಾರು ದಿನಗಳಲ್ಲಿ ದಿನಕ್ಕೆ ಇಪ್ಪತ್ತು ನಿಮಿಷಗಳೆಂದರೆ ಒಟ್ಟು ಒಂಬತ್ತು ಗಂಟೆಗಳೂ ಆಗುವುದಿಲ್ಲ. ಹಿಂದಕ್ಕೆ ಸರಿಯಲು ಎರಡು ಹೆಜ್ಜೆ ಜಾಗ, ಮತ್ತು ಸಮಾಧಾನವಾದೊಡನೆ ನಿಲ್ಲಿಸುವೆವೆಂಬ ನಂಬಿಕೆ: ಅಶ್ವಹೃದಯವೆಂಬುದು ಇಷ್ಟೇ ಇದ್ದಿರಬೇಕೆಂದು ನಮಗೀಗ ತೋರುತ್ತದೆ. ನಮ್ಮ ತರಗತಿಯ ಆ ಹುಡುಗನಿಗೆ ಇವೆರಡನ್ನೂ ನಾವು ಕೊಡಲಿಲ್ಲ.

ಮೊದಲ ಪೂರ್ಣಸ್ನಾನದ ಸಂಜೆ ನಡೆದ ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ನಾಲ್ವರು ಸೇರಿ ಇಪ್ಪತ್ತಾರು ದಿನ ಪಟ್ಟ ಪಾಡಿನ ಫಲವಾಗಿ ಕುದುರೆಯು ಕನ್ನಡಿಯಂತೆ ಹೊಳೆಯುತ್ತಿತ್ತು. ಮೈ ಆರಲೆಂದು ಹಗ್ಗವನ್ನು ಉದ್ದಕ್ಕೆ ಬಿಟ್ಟರು. ಅದು ನಾಲ್ಕು ಹೆಜ್ಜೆ ನಡೆದು, ನೆಲವನ್ನು ಮೂಸಿ, ಮೊಣಕಾಲೂರಿ, ಅತಿ ಧೂಳಿನ ಜಾಗವನ್ನೇ ಆರಿಸಿಕೊಂಡು ನಾಲ್ಕು ಕಾಲುಗಳನ್ನೂ ಆಕಾಶಕ್ಕೆತ್ತಿ ಮನಸಾರೆ ಹೊರಳಾಡಿತು. ಕುದುರೆಗಳ ಪದ್ಧತಿಯೇ ಅದು. “ನಾಳೆಗೂ ಕೆಲಸವಿದೆ,” ಎಂದರು ಹಿರಿಯರು. ಹುಡುಗನು ನಗುತ್ತ ಸ್ಪಂಜನ್ನು ಹಿಂಡಿ ಬೇಲಿಯ ಮೇಲೆ ಒಣಗಹಾಕಿದನು.